ಪ್ರಾಚೀನ ಚೀನಾದ ಹಳ್ಳಿಯಲ್ಲಿ ಮರುಹುಟ್ಟು: ಕಥೆ ಕಲ್ಪನೆಯದು, ಹೊಲದ ಪ್ರಶ್ನೆ ನಿಜದ್ದು

ಮಹಾನಗರದ ಕಚೇರಿಯೊಂದರಲ್ಲಿ ಹಗಲಿರುಳು ದುಡಿದು ಬಳಲಿದ ಯುವತಿಯೊಬ್ಬಳು ಮೇಜಿನ ಮೇಲೆಯೇ ಕುಸಿಯುತ್ತಾಳೆ. ಮತ್ತೆ ಕಣ್ಣು ತೆರೆದಾಗ ತಲೆಯ ಮೇಲೆ ಸೋರುವ ಹುಲ್ಲಿನ ಮಾಡು, ಮಗ್ಗುಲಲ್ಲಿ ಹಸಿದು ಅಳುತ್ತಿರುವ ಪುಟ್ಟ ತಮ್ಮ, ಒಲೆಯ ಪಕ್ಕದ ಮಡಕೆಯ ತಳದಲ್ಲಿ ಒಂದು ಹಿಡಿ ನವಣೆ. ಗೋಡೆಯಾಚೆಯಿಂದ ಅಜ್ಜಿಯ ಬೈಗುಳ ಕೇಳಿಬರುತ್ತದೆ. ಕನ್ನಡಿಯಿಲ್ಲದ ಆ ಮನೆಯಲ್ಲಿ ನೀರಿನ ಬಾನಿಗೆ ಬಗ್ಗಿ ನೋಡಿದರೆ ಕಾಣುವುದು ಹದಿಮೂರು ವರ್ಷದ, ಎಲುಬು ಚರ್ಮವಾದ ಅಪರಿಚಿತ ಹುಡುಗಿಯ ಮುಖ. ಆಕೆ ಬಂದು ಸೇರಿರುವುದು ಶತಮಾನಗಳ ಹಿಂದಿನ ಚೀನಾದ ಬಡ ರೈತನೊಬ್ಬನ ಮನೆಗೆ!

ಚೀನಾದ ಅಂತರ್ಜಾಲ ಕಾದಂಬರಿಗಳನ್ನು ಓದುವವರಿಗೆ ಈ ಆರಂಭ ಚಿರಪರಿಚಿತ. ಹೆಸರು ಬೇರೆ, ಊರು ಬೇರೆ, ಅರಸುಮನೆತನ ಬೇರೆ. ಆದರೆ ಸೋರುವ ಮಾಡು, ಹಸಿದ ತಮ್ಮ, ಗದರುವ ಅಜ್ಜಿ ಮಾತ್ರ ಬದಲಾಗುವುದು ಅಪರೂಪ. ಕಳೆದ ಎರಡು ದಶಕಗಳಲ್ಲಿ ಇಂಥ ಅಸಂಖ್ಯ ಕಾದಂಬರಿಗಳು ಪ್ರಕಟವಾಗಿವೆ. ಇಂಗ್ಲಿಷ್ ಅನುವಾದಗಳ ಮೂಲಕ ಅವು ಚೀನಾದ ಗಡಿ ದಾಟಿ ಹೊರಗಿನ ಓದುಗರ ಮೊಬೈಲ್‌ಗಳನ್ನೂ ತಲುಪಿವೆ. ವಿಮಾನ, ವಿದ್ಯುತ್, ವೈದ್ಯಕೀಯ ಎಲ್ಲವನ್ನೂ ಕಂಡ ಹೆಣ್ಣು ಹಳೆಯ ಕಾಲದ ಬಡತನಕ್ಕೆ ಮರಳುವ ಕಥೆಯನ್ನು ನಗರದ ಮಹಿಳೆಯರು ಇಷ್ಟು ಆಸೆಯಿಂದ ಓದುವುದೇಕೆ? ಆ ಹಳ್ಳಿ ನಿಜವಾಗಿ ಹೇಗಿತ್ತು?

ಏನಿದು ‘ಚುವಾನ್‌ಯುಯೆ’?

ಚೀನೀ ಭಾಷೆಯಲ್ಲಿ ಈ ಬಗೆಯ ಕಥೆಗಳಿಗೆ ‘ಚುವಾನ್‌ಯುಯೆ’ ಎಂದು ಹೆಸರು. ‘ತೂರಿಕೊಂಡು ದಾಟುವುದು’ ಎಂಬುದು ಅದರ ಅರ್ಥ. ಇಲ್ಲಿ ಕಾಲಯಂತ್ರವಿಲ್ಲ, ವಿಜ್ಞಾನಿಯಿಲ್ಲ. ಅಪಘಾತ, ಕಾಯಿಲೆ ಅಥವಾ ಅತಿದುಡಿಮೆಯಿಂದ ಒಂದು ಕಾಲದಲ್ಲಿ ಸತ್ತ ವ್ಯಕ್ತಿಯ ಪ್ರಜ್ಞೆ ಇನ್ನೊಂದು ಕಾಲದಲ್ಲಿ ಆಗಷ್ಟೇ ಸತ್ತ ದೇಹವನ್ನು ಸೇರುತ್ತದೆ. ಹಿಂದಿನ ಜನ್ಮದ ನೆನಪು ಪೂರ್ತಿ ಉಳಿದಿರುತ್ತದೆ.

ಪುನರ್ಜನ್ಮದ ನಂಬಿಕೆ ಚೀನಾಕ್ಕೆ ಹೊಸದಲ್ಲ. ಬೌದ್ಧ ಧರ್ಮದೊಂದಿಗೆ ಅದು ಅಲ್ಲಿನ ಜನಪದದಲ್ಲಿ ಬೇರೂರಿತು. ಸತ್ತವರು ಮರುಹುಟ್ಟು ಪಡೆಯುವ ಮುನ್ನ ಮೆಂಗ್ ಪೋ ಎಂಬ ಮುದುಕಿ ಕೊಡುವ ಮರೆವಿನ ಸಾರನ್ನು ಕುಡಿಯಬೇಕು, ಆಗ ಹಿಂದಿನದೆಲ್ಲ ಅಳಿಸಿಹೋಗುತ್ತದೆ ಎಂಬುದು ಜನರ ನಂಬಿಕೆ. ಈ ಕಾದಂಬರಿಗಳ ನಾಯಕಿ ಆ ಸಾರನ್ನು ಕುಡಿಯದೆ ದಾಟಿ ಬಂದವಳು ಎನ್ನಬಹುದು. ಆಕೆಯ ಬಂಡವಾಳವೆಲ್ಲ ಆ ನೆನಪೇ.

ಚುವಾನ್‌ಯುಯೆ ಕಥೆಗಳಲ್ಲಿ ಹಲವು ಕವಲುಗಳಿವೆ. ಅರಮನೆ ಸೇರುವ ನಾಯಕಿಯದು ಒಂದು ದಾರಿ, ಶ್ರೀಮಂತರ ಅಂತಃಪುರ ಸೇರುವವಳದು ಇನ್ನೊಂದು. ಹಳ್ಳಿ ಸೇರಿ ಹೊಲ ಉಳುವವಳ ಕಥೆಗೆ ‘ಝೋಂಗ್‌ಟಿಯಾನ್ ವೆನ್’, ಅಂದರೆ ‘ಬೇಸಾಯದ ಬರಹ’ ಎಂಬ ಹೆಸರಿದೆ. ಇಲ್ಲಿ ಯುದ್ಧವಿಲ್ಲ, ಸಿಂಹಾಸನದ ಕಚ್ಚಾಟವಿಲ್ಲ. ಬಿತ್ತನೆ, ಕಟಾವು, ಅಡುಗೆ, ಸಂತೆ, ಸಾಲ, ಲೆಕ್ಕ ಇವೇ ಕಥೆಯ ಘಟನೆಗಳು.

ಸಾವಿರ ಅಕ್ಷರಕ್ಕೆ ಇಷ್ಟು ಕಾಸು

ಈ ಪ್ರಕಾರದ ಬೇರು ಹಾಂಗ್‌ಕಾಂಗ್‌ನಲ್ಲೂ ಇದೆ. ಅಲ್ಲಿನ ಲೇಖಕ ಹುವಾಂಗ್ ಯಿ 1990ರ ದಶಕದಲ್ಲಿ ಬರೆದ ‘ಶುನ್ ಚಿನ್ ಜಿ’ ಕಾದಂಬರಿಯಲ್ಲಿ ಆಧುನಿಕ ಸೈನಿಕನೊಬ್ಬ ಎರಡು ಸಾವಿರ ವರ್ಷಗಳಿಗೂ ಹಿಂದಿನ ಚಿನ್ ರಾಜ್ಯದ ಕಾಲಕ್ಕೆ ಹೋಗುತ್ತಾನೆ. 2001ರಲ್ಲಿ ಅದು ಕಿರುತೆರೆ ಧಾರಾವಾಹಿಯಾಗಿ ಮನೆಮಾತಾಯಿತು. ಅಲ್ಲಿ ದಾಟಿ ಹೋದವನು ಗಂಡಸು. ಆತನ ಆಟ ರಾಜಕೀಯದ್ದು.

ಮಹಿಳೆಯರು ಬರೆಯತೊಡಗಿದ್ದು ಅಂತರ್ಜಾಲ ಬಂದ ಮೇಲೆ. ‘ಚಿಡಿಯನ್’ ತಾಣ 2002ರಲ್ಲಿಯೂ, ಮುಖ್ಯವಾಗಿ ಮಹಿಳೆಯರೇ ಬರೆದು ಓದುವ ‘ಜಿನ್‌ಜಿಯಾಂಗ್’ ತಾಣ 2003ರಲ್ಲಿಯೂ ಆರಂಭವಾದವು. ಟಾಂಗ್ ಹುವಾ ಎಂಬ ಲೇಖಕಿ 2005ರಲ್ಲಿ ಜಿನ್‌ಜಿಯಾಂಗ್‌ನಲ್ಲಿ ಧಾರಾವಾಹಿಯಾಗಿ ಬರೆದ ‘ಬು ಬು ಜಿಂಗ್ ಶಿನ್’ ಆಧುನಿಕ ಯುವತಿಯೊಬ್ಬಳನ್ನು ಚಿಂಗ್ ಅರಸರ ಅರಮನೆಗೆ ಕೊಂಡೊಯ್ದಿತು. 2011ರಲ್ಲಿ ಅದು ಚೀನಾದಲ್ಲಿ ಕಿರುತೆರೆಗೆ ಬಂತು. 2016ರಲ್ಲಿ ದಕ್ಷಿಣ ಕೊರಿಯಾದವರು ಅದನ್ನೇ ತಮ್ಮ ಗೊರ್ಯೊ ಅರಸರ ಕಾಲಕ್ಕೆ ಹೊಂದಿಸಿ ಮತ್ತೊಂದು ಧಾರಾವಾಹಿ ಮಾಡಿದರು.

ಈ ಕಾದಂಬರಿಗಳ ಗಾತ್ರ ಕಂಡು ಹೊಸಬರು ಬೆರಗಾಗುವುದುಂಟು. ಐನೂರು, ಸಾವಿರ ಅಧ್ಯಾಯಗಳು ಇಲ್ಲಿ ಸಾಮಾನ್ಯ. ಇದಕ್ಕೆ ಕಾರಣ ಹಣದ ವ್ಯವಸ್ಥೆ. 2003ರಲ್ಲಿ ಚಿಡಿಯನ್ ತಾಣವು ಮೊದಲ ಅಧ್ಯಾಯಗಳನ್ನು ಉಚಿತವಾಗಿ ಕೊಟ್ಟು, ಮುಂದಿನವಕ್ಕೆ ಸಾವಿರ ಅಕ್ಷರಗಳಿಗೆ ಇಷ್ಟು ಎಂದು ಕೆಲವೇ ಕಾಸು ಪಡೆಯುವ ಪದ್ಧತಿ ತಂದಿತು. ಓದುಗರು ಕೊಡುವ ಹಣ ಅಲ್ಪ, ಆದರೆ ಓದುವವರು ಲಕ್ಷಗಟ್ಟಲೆ. ಲೇಖಕರು ದಿನವೂ ಒಂದೆರಡು ಅಧ್ಯಾಯ ಬರೆಯಲೇಬೇಕು. ಹೊಲದ ಕಥೆ ಈ ವ್ಯವಸ್ಥೆಗೆ ಹೇಳಿ ಮಾಡಿಸಿದಂತಿತ್ತು. ಒಂದು ಬೆಳೆ ಮುಗಿದರೆ ಇನ್ನೊಂದು ಬೆಳೆ, ಒಂದು ಸಂತೆ ಮುಗಿದರೆ ಇನ್ನೊಂದು ಸಂತೆ. 2023ರ ಕೊನೆಯ ಹೊತ್ತಿಗೆ ಚೀನಾದಲ್ಲಿ ಅಂತರ್ಜಾಲ ಸಾಹಿತ್ಯ ಓದುವವರ ಸಂಖ್ಯೆ ಸುಮಾರು 52 ಕೋಟಿ ಮುಟ್ಟಿತ್ತು.

ಮೊದಲು ಗಂಜಿ, ಆಮೇಲೆ ಗದ್ದೆ

ಬೇಸಾಯದ ಕಥೆಗಳ ನಡೆ ಬಹುಮಟ್ಟಿಗೆ ನಿಗದಿತ. ಮೊದಲ ಹಂತದಲ್ಲಿ ಹೊಟ್ಟೆಯ ಪ್ರಶ್ನೆ. ನಾಯಕಿ ಗುಡ್ಡ ಹತ್ತಿ ಸೊಪ್ಪು, ಅಣಬೆ ಹುಡುಕುತ್ತಾಳೆ. ಹೊಳೆಯಲ್ಲಿ ಮೀನು ಹಿಡಿಯುತ್ತಾಳೆ. ಎರಡನೆಯ ಹಂತದಲ್ಲಿ ಮೊದಲ ಕಾಸು. ಆಧುನಿಕ ಅಡುಗೆಯ ನೆನಪಿನಿಂದ ಏನಾದರೊಂದು ತಿಂಡಿ ಮಾಡಿ ಪಟ್ಟಣದ ಸಂತೆಯಲ್ಲಿ ಮಾರುತ್ತಾಳೆ, ಇಲ್ಲವೇ ಹೋಟೆಲಿನ ಯಜಮಾನನಿಗೆ ಪಾಕವಿಧಾನವನ್ನೇ ಮಾರುತ್ತಾಳೆ. ನಡುವೆ ತೂತಿರುವ ತಾಮ್ರದ ಕಾಸುಗಳನ್ನು ದಾರಕ್ಕೆ ಪೋಣಿಸಿ ಎಣಿಸುವ ದೃಶ್ಯ ಇಲ್ಲದ ಕಾದಂಬರಿಯೇ ವಿರಳ.

ಮೂರನೆಯ ಹಂತದಲ್ಲಿ ದಾಯಾದಿಗಳು ಬರುತ್ತಾರೆ. ದೊಡ್ಡಪ್ಪನ ಮಗನ ಓದಿಗಾಗಿ ಇಡೀ ಮನೆಯ ದುಡಿಮೆ ಸುರಿಯುವ ಅಜ್ಜಿ, ಮೊಟ್ಟೆಯನ್ನೂ ಬೀಗ ಹಾಕಿಡುವ ದೊಡ್ಡಮ್ಮ, ಮೊಮ್ಮಗಳನ್ನು ಮಾರಲು ಹೊರಟ ಅಜ್ಜ. ಇವರಿಂದ ಬಿಡಿಸಿಕೊಳ್ಳುವ ದಾರಿಯೇ ‘ಫೆನ್‌ಜಿಯಾ’, ಅಂದರೆ ಮನೆ ಪಾಲಾಗುವುದು. ಒಲೆ ಬೇರೆ, ಪಾತ್ರೆ ಬೇರೆ, ಹೊಲ ಬೇರೆ. ಇಂಥ ಕಾದಂಬರಿಯಲ್ಲಿ ಮದುವೆಗಿಂತ ಹೆಚ್ಚು ಕಾತರದಿಂದ ಓದುಗರು ಕಾಯುವ ಅಧ್ಯಾಯ ಇದು. ಊರಿನ ಹಿರಿಯರ ಮುಂದೆ ಪಾಲುಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ದಿನವೇ ನಾಯಕಿಯ ನಿಜವಾದ ಮರುಹುಟ್ಟು.

ಆಮೇಲಿನದು ಏರುಗತಿ. ಒಂದು ಮು ಜಮೀನು, ಐದು ಮು ಜಮೀನು, ಹೆಂಚಿನ ಮನೆ, ಎತ್ತು, ಅಂಗಡಿ. ಮು ಎಂಬುದು ಚೀನಾದ ಭೂಮಿಯ ಅಳತೆ. ಇಂದಿನ ಲೆಕ್ಕದಲ್ಲಿ ಒಂದು ಮು ಅಂದರೆ ಸುಮಾರು ಆರೂವರೆ ಗುಂಟೆ. ಮನೆ ನೆಲೆಗೊಂಡ ಮೇಲೆ ತಮ್ಮನನ್ನು ಓದಿಸಿ ಅರಸನ ಆಡಳಿತ ಪರೀಕ್ಷೆಗೆ ಕೂರಿಸುತ್ತಾಳೆ. ಆ ಪರೀಕ್ಷೆ 1905ರಲ್ಲಿ ರದ್ದಾಗುವವರೆಗೂ ಹೆಣ್ಣುಮಕ್ಕಳಿಗೆ ಮುಚ್ಚಿದ ಬಾಗಿಲೇ ಆಗಿತ್ತು. ಆದ್ದರಿಂದ ಎಲ್ಲ ಬಲ್ಲ ನಾಯಕಿಯೂ ಅಲ್ಲಿ ತಮ್ಮನನ್ನೋ ಗಂಡನನ್ನೋ ಮುಂದಿಟ್ಟುಕೊಂಡೇ ಗೆಲ್ಲಬೇಕು.

ಸರ್ಕಾರದ ಹುಬ್ಬು ಗಂಟಿಕ್ಕಿದಾಗ

ಕಿರುತೆರೆಯಲ್ಲಿ ಚುವಾನ್‌ಯುಯೆ ಕಥೆಗಳ ಭರಾಟೆ ಕಂಡ ಚೀನಾದ ಪ್ರಸಾರ ನಿಯಂತ್ರಣ ಇಲಾಖೆ 2011ರ ವಸಂತದಲ್ಲಿ ಅಸಮಾಧಾನ ಹೊರಹಾಕಿತು. ಇಂಥ ಧಾರಾವಾಹಿಗಳು ಇತಿಹಾಸವನ್ನು ಹಗುರವಾಗಿ ಕಾಣುತ್ತವೆ, ಊಳಿಗಮಾನ್ಯ ಮನೋಭಾವ, ಮೂಢನಂಬಿಕೆ, ಪುನರ್ಜನ್ಮಗಳನ್ನು ಬೆಂಬಲಿಸುತ್ತವೆ ಎಂಬುದು ಅದರ ಆಕ್ಷೇಪವಾಗಿತ್ತು. ‘ಬು ಬು ಜಿಂಗ್ ಶಿನ್’ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ರಸಾರವಾಯಿತಾದರೂ ನಿರ್ಮಾಪಕರು ಎಚ್ಚರಗೊಂಡರು.

ಪರಿಣಾಮ ಕುತೂಹಲಕರ. ‘ಮಿಂಗ್ ಲಾನ್’ ಕಥೆಯ ಮೂಲ ಕಾದಂಬರಿಯಲ್ಲಿ ನಾಯಕಿ ಆಧುನಿಕ ನ್ಯಾಯಾಲಯವೊಂದರ ಉದ್ಯೋಗಿ. ಸತ್ತು ಹಳೆಯ ಕಾಲದಲ್ಲಿ ಹುಟ್ಟಿದವಳು. 2018ರ ಡಿಸೆಂಬರ್‌ನಲ್ಲಿ ತೆರೆಗೆ ಬಂದ ಧಾರಾವಾಹಿಯಲ್ಲಿ ಆ ಭಾಗವೇ ಇಲ್ಲ. 2019ರಲ್ಲಿ ಬಂದ ‘ಚಿಂಗ್ ಯು ನಿಯಾನ್’ ಧಾರಾವಾಹಿ ಕಾಲ ದಾಟುವ ಸಂಗತಿಯನ್ನು ವಿದ್ಯಾರ್ಥಿಯೊಬ್ಬ ಬರೆಯುವ ಕಥೆಯೊಳಗೆ ಅಡಗಿಸಿತು. ತೆರೆಯ ಮೇಲೆ ಸಲ್ಲದ ಮರುಹುಟ್ಟು ಪುಟಗಳಲ್ಲಿ ಮಾತ್ರ ನಿರಾತಂಕವಾಗಿ ಮುಂದುವರಿಯಿತು.

ನಾಯಕಿಗಿಂತ ಮೊದಲೇ ಬಲ್ಲವರು

ಇನ್ನು ಇತಿಹಾಸದ ಮಾತು. ಈ ಕಾದಂಬರಿಗಳ ಆಧಾರ ಒಂದೇ ಒಂದು ಊಹೆ: ಹಳ್ಳಿಯವರಿಗೆ ಗೊತ್ತಿಲ್ಲದ್ದು ನಾಯಕಿಗೆ ಗೊತ್ತಿದೆ. ಈ ಊಹೆ ಎಷ್ಟು ನಿಜ?

ಕ್ರಿ.ಶ. 6ನೇ ಶತಮಾನದಲ್ಲಿ ಜಿಯಾ ಸಿಶಿಯೆ ಎಂಬ ಅಧಿಕಾರಿ ‘ಚಿಮಿನ್ ಯಾವೋಶು’ ಎಂಬ ಕೃಷಿ ಗ್ರಂಥವನ್ನು ರಚಿಸಿದ. ಬೀಜ ಆಯುವುದು, ಬೆಳೆ ಸರದಿ, ಹಸಿರು ಗೊಬ್ಬರ, ಕಸಿ ಕಟ್ಟುವುದು, ದನ ಕುರಿಗಳ ಆರೈಕೆಯಿಂದ ಹಿಡಿದು ವಿನೆಗರ್, ಸೋಯಾ ಹುದುಗು, ಉಪ್ಪಿನಕಾಯಿ ತಯಾರಿಕೆಯವರೆಗೆ ಅದರಲ್ಲಿ ವಿವರಗಳಿವೆ. ಕಾದಂಬರಿಯ ನಾಯಕಿ ಹೆಮ್ಮೆಯಿಂದ ಹೇಳಿಕೊಡುವ ಬಹುಪಾಲು ಪಾಠಗಳನ್ನು ಆ ನೆಲದ ರೈತರು ಸಾವಿರಾರು ವರ್ಷಗಳಿಂದ ಮಾಡುತ್ತಿದ್ದರು. ಆಕೆ ಬೆರಗು ಹುಟ್ಟಿಸಲೆಂದು ತಯಾರಿಸುವ ಸಾಬೂನಿನ ಕೆಲಸವನ್ನು ಅಲ್ಲಿ ನಮ್ಮ ಸೀಗೆಕಾಯಿಯಂಥದೇ ನೊರೆಗಾಯಿಯೊಂದು ಮಾಡುತ್ತಿತ್ತು. 1012ರಲ್ಲಿ ಸಾಂಗ್ ವಂಶದ ಚಕ್ರವರ್ತಿ ಝೆನ್‌ಜೋಂಗ್ ಬರ ತಡೆಯುವ, ಬೇಗ ಕೊಯ್ಲಿಗೆ ಬರುವ ಚಂಪಾ ಭತ್ತದ ಬೀಜವನ್ನು ಫೂಜಿಯಾನ್‌ನಿಂದ ತರಿಸಿ ಯಾಂಗ್‌ಟ್ಸಿ ಮತ್ತು ಹುವಾಯ್ ನದಿಗಳ ಸೀಮೆಯ ರೈತರಿಗೆ ಹಂಚಿಸಿದ್ದ. ಹೊಸ ತಳಿಯ ಕಲ್ಪನೆಯೂ ಅಲ್ಲಿ ಹೊಸದಾಗಿರಲಿಲ್ಲ.

ನಿಜಕ್ಕೂ ಇಲ್ಲದಿದ್ದುದು ಕೆಲವು ಬೆಳೆಗಳು. ನಾಯಕಿಯ ಅಡುಗೆಯಲ್ಲಿ ಧಾರಾಳವಾಗಿ ಕಾಣುವ ಮೆಣಸಿನಕಾಯಿ, ಗೆಣಸು, ಮೆಕ್ಕೆಜೋಳ ಮೂರೂ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗುಗಳು ಭಾರತಕ್ಕೆ ಮೆಣಸಿನಕಾಯಿ ತಂದ 16ನೇ ಶತಮಾನದ ಸಮುದ್ರ ವ್ಯಾಪಾರವೇ ಚೀನಾಕ್ಕೂ ಅದನ್ನು ಮುಟ್ಟಿಸಿತು. 1591ರ ಚೀನೀ ಗ್ರಂಥವೊಂದರಲ್ಲಿ ಮೆಣಸಿನ ಗಿಡದ ಪ್ರಸ್ತಾಪವಿದೆ. ಅದೂ ನೋಡಲು ಚೆಂದದ ಗಿಡವೆಂದು. 1593ರಲ್ಲಿ ಚೆನ್ ಝೆನ್‌ಲೋಂಗ್ ಎಂಬ ವರ್ತಕ ಫಿಲಿಪ್ಪೀನ್ಸ್‌ನ ಲೂಝೋನ್‌ನಿಂದ ಗೆಣಸಿನ ಬಳ್ಳಿಯನ್ನು ಹಡಗಿನ ಹಗ್ಗಕ್ಕೆ ಸುತ್ತಿ ಅಡಗಿಸಿ ಫೂಜಿಯಾನ್‌ಗೆ ತಂದನೆಂಬ ಕಥೆ ಪ್ರಸಿದ್ಧ. ಇತಿಹಾಸದ ಈ ತೊಡಕು ತಪ್ಪಿಸಿಕೊಳ್ಳಲೆಂದೇ ಅನೇಕ ಲೇಖಕಿಯರು ಹೆಸರೇ ಇಲ್ಲದ ಕಾಲ್ಪನಿಕ ಅರಸುಮನೆತನವೊಂದನ್ನು ಸೃಷ್ಟಿಸಿ ಕಥೆಯನ್ನು ಅಲ್ಲಿಡುತ್ತಾರೆ.

ಅಡ್ಡ ಬಂದದ್ದು ಅಜ್ಞಾನವಲ್ಲ, ಕಾನೂನು

ಹಾಗಾದರೆ ಆ ಕಾಲದ ಹಳ್ಳಿಯ ಹೆಣ್ಣನ್ನು ಬಡತನದಲ್ಲಿ ಕಟ್ಟಿಹಾಕಿದ್ದು ಏನು? ಪಾಕವಿಧಾನದ ಕೊರತೆ ಖಂಡಿತ ಅಲ್ಲ. ಉತ್ತರ ಭೂಮಿಯ ಲೆಕ್ಕದಲ್ಲಿದೆ.

485ರಲ್ಲಿ ಉತ್ತರ ವೇ ಅರಸರು ರೈತರಿಗೆ ಭೂಮಿ ಹಂಚುವ ‘ಸಮಭೂಮಿ’ ಪದ್ಧತಿ ತಂದಾಗ ಗಂಡಸಿಗೆ 40 ಮು, ಹೆಂಗಸಿಗೆ 20 ಮು ಉಳುವ ಭೂಮಿ ಗೊತ್ತುಮಾಡಿದ್ದರು. ಅರ್ಧವಾದರೂ ಆಕೆಯ ಹೆಸರಿನಲ್ಲಿ ಒಂದು ಲೆಕ್ಕವಿತ್ತು. 7ನೇ ಶತಮಾನದಲ್ಲಿ ಟಾಂಗ್ ಅರಸರು ಅದೇ ಪದ್ಧತಿ ಮುಂದುವರಿಸಿದಾಗ ವಯಸ್ಕ ಗಂಡಸಿಗೆ 100 ಮು ಎಂದಾಯಿತು. ಸಾಮಾನ್ಯ ಹೆಂಗಸಿನ ಪಾಲು ಇಲ್ಲವಾಯಿತು. ವಿಧವೆಗೆ ಮಾತ್ರ 30 ಮು. ಗಂಡ ಸತ್ತರೆ ಹೊರತು ಹೆಣ್ಣು ಸರ್ಕಾರದ ಭೂಮಿಯ ಕಣ್ಣಿಗೆ ಕಾಣುತ್ತಿರಲಿಲ್ಲ ಎಂದಾಯಿತು.

ಮನೆ ಪಾಲಾಗುವ ಅಧ್ಯಾಯದ ಕಥೆಯೂ ಅಷ್ಟು ಸರಳವಲ್ಲ. ಟಾಂಗ್ ದಂಡಸಂಹಿತೆಯ ಪ್ರಕಾರ ತಂದೆತಾಯಿ ಅಥವಾ ಅಜ್ಜ ಅಜ್ಜಿ ಬದುಕಿರುವಾಗ ಮಕ್ಕಳು ಮನೆ, ಆಸ್ತಿ ಬೇರೆ ಮಾಡಿಕೊಂಡರೆ ಮೂರು ವರ್ಷಗಳ ಕಠಿಣ ದುಡಿಮೆಯ ಶಿಕ್ಷೆ. ಅಜ್ಜಿಯ ಕಾಟ ತಾಳದೆ ಬೇರೆ ಒಲೆ ಹೂಡುವ ಕಾದಂಬರಿಯ ಕುಟುಂಬ ಆ ಕಾಲದಲ್ಲಿದ್ದಿದ್ದರೆ ನೇರ ಶಿಕ್ಷೆಗೆ ಗುರಿಯಾಗಬಹುದಿತ್ತು. ಪಾಲು ನಡೆದಾಗಲೂ ಹಂಚಿಕೆ ಅಣ್ಣತಮ್ಮಂದಿರ ನಡುವೆ ಸಮನಾಗಿ ಆಗುತ್ತಿತ್ತು. ಹೆಣ್ಣುಮಕ್ಕಳಿಗೆ ಸಿಗುತ್ತಿದ್ದುದು ಮದುವೆಯ ಬಳುವಳಿ. ಸಾಂಗ್ ಅರಸರ ಕಾಲದಲ್ಲಿ ಗಂಡುಮಕ್ಕಳಿಲ್ಲದ ಮನೆಯ ಅವಿವಾಹಿತ ಪುತ್ರಿಯರಿಗೆ ಆಸ್ತಿ ಬರುವ ಅವಕಾಶವಿತ್ತು. ಮಿಂಗ್ ಅರಸರ ಕಾಲಕ್ಕೆ ಅಂಥ ಮನೆಗೆ ಸೋದರನ ಮಗನನ್ನು ವಾರಸುದಾರನಾಗಿ ತರಬೇಕೆಂಬ ಕಟ್ಟಳೆ ಬಲಗೊಂಡಿತು. ಕಾಲ ಕಳೆದಂತೆ ಹಕ್ಕು ಬೆಳೆಯಲಿಲ್ಲ, ಕುಗ್ಗಿತು ಎಂಬುದು ಗಮನಾರ್ಹ.

ವ್ಯಾಪಾರದ ದಾರಿಯಲ್ಲೂ ಬೇಲಿಗಳಿದ್ದವು. ಕ್ರಿ.ಪೂ. 117ರ ಸುಮಾರಿಗೆ ಹಾನ್ ಚಕ್ರವರ್ತಿ ವೂ ಉಪ್ಪು ಮತ್ತು ಕಬ್ಬಿಣವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿದ. ಮುಂದಿನ ಅನೇಕ ಅರಸುಮನೆತನಗಳು ಉಪ್ಪಿನ ಮೇಲಿನ ಹಿಡಿತ ಬಿಡಲಿಲ್ಲ. ಕಳ್ಳ ಉಪ್ಪಿಗೆ ಕೆಲವು ಕಾಲಗಳಲ್ಲಿ ಮರಣದಂಡನೆಯೂ ಇತ್ತು. ಕೊಳಕು ಉಪ್ಪನ್ನು ಶುದ್ಧ ಮಾಡಿ ಮಾರಿ ಸಿರಿವಂತಳಾಗುವ ನಾಯಕಿಯ ಕೊರಳಿಗೆ ಹಾರದ ಬದಲು ಕುಣಿಕೆ ಬೀಳುವ ಸಾಧ್ಯತೆಯೇ ಹೆಚ್ಚು.

ಇನ್ನು ಅಕ್ಷರ. ಚಿಂಗ್ ಕಾಲದ ಶಿಕ್ಷಣವನ್ನು ಅಧ್ಯಯನ ಮಾಡಿದ ಇತಿಹಾಸಕಾರ್ತಿ ಎವೆಲಿನ್ ರಾವ್‌ಸ್ಕಿ 1979ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 18 ಮತ್ತು 19ನೇ ಶತಮಾನದ ಚೀನಾದಲ್ಲಿ ತಕ್ಕಮಟ್ಟಿಗೆ ಓದು ಬರಹ ಬಲ್ಲ ಗಂಡಸರು ಶೇ 30ರಿಂದ 45, ಹೆಂಗಸರು ಶೇ 2ರಿಂದ 10. ನಾಯಕಿ ಪಾಲುಪತ್ರ ಓದಬಲ್ಲಳು ಎಂಬುದೇ ಹಳ್ಳಿಯವರಿಗೆ ಪವಾಡವೆನಿಸುತ್ತದೆ. ಆಕೆ ಕಲಿತದ್ದು 1956ರ ನಂತರ ಜಾರಿಗೆ ಬಂದ ಸರಳ ಲಿಪಿ. ಹಳೆಯ ಲಿಪಿಯ ಎಷ್ಟೋ ಅಕ್ಷರಗಳು ಆಕೆಗೂ ಕಬ್ಬಿಣದ ಕಡಲೆಯೇ. ಜೊತೆಗೆ ಕಾಲು ಕಟ್ಟುವ ಪದ್ಧತಿಯಿತ್ತು. ಸಾಂಗ್ ಕಾಲದಲ್ಲಿ ಸಿರಿವಂತರ ಮನೆಗಳಲ್ಲಿ ಹಬ್ಬಿದ ಅದು ಮುಂದೆ ಹಳ್ಳಿಗಳಿಗೂ ಇಳಿಯಿತು. ಗುಡ್ಡ ಹತ್ತಿ ಅಣಬೆ ತರುವ ನಾಯಕಿಯ ಪಾದಗಳ ಬಗ್ಗೆ ಬಹಳಷ್ಟು ಕಾದಂಬರಿಗಳು ಮೌನ ವಹಿಸುತ್ತವೆ.

ನಿಜವಾಗಿಯೂ ಮರಳಿ ಬಂದವಳು

ಹಳ್ಳಿಗೆ ಹೊಸ ವಿದ್ಯೆ ತಂದು ಬಡತನ ನೀಗಿಸಿದ ಹೆಣ್ಣು ಬರೀ ಕಲ್ಪನೆಯೇ? ಅಲ್ಲ. ಅಂಥವಳೊಬ್ಬಳು ಇದ್ದಳು. ಆಕೆ ಬಂದದ್ದು ಭವಿಷ್ಯದಿಂದಲ್ಲ, ದಕ್ಷಿಣದ ದ್ವೀಪವೊಂದರಿಂದ.

ಇಂದಿನ ಶಾಂಘೈ ನಗರದೊಳಗೆ ಸೇರಿಹೋಗಿರುವ ವುನಿಜಿಂಗ್ 13ನೇ ಶತಮಾನದಲ್ಲಿ ಬಡ ಹಳ್ಳಿ. ನೆಲ ಸತ್ವಹೀನ, ಬೆಳೆದದ್ದು ಹೊಟ್ಟೆಗೆ ಸಾಲದು. ಜನ ಹತ್ತಿ ಬೆಳೆಯಲು ತೊಡಗಿದ್ದರೂ ಬೀಜವನ್ನು ಕೈಬೆರಳಿನಿಂದಲೇ ಬಿಡಿಸಬೇಕಿತ್ತು. ಯುವಾನ್ ಅರಸರ ಕಾಲದಲ್ಲಿ, 1290ರ ದಶಕದ ಸುಮಾರಿಗೆ, ಹುವಾಂಗ್ ದಾವೋಪೋ ಎಂಬ ಮಹಿಳೆ ಹೈನಾನ್ ದ್ವೀಪದ ಯಾಝೋ ಎಂಬಲ್ಲಿಂದ ಅಲ್ಲಿಗೆ ಬಂದಳು. ಆ ದ್ವೀಪದ ಲೀ ಜನಾಂಗದವರು ಹತ್ತಿ ನೇಯ್ಗೆಯಲ್ಲಿ ನಿಪುಣರು. ಬೀಜ ಬಿಡಿಸುವ, ಹತ್ತಿ ಹಿಂಜುವ, ನೂಲುವ, ಬಣ್ಣಬಣ್ಣದ ನೂಲು ಹೊಂದಿಸಿ ನೇಯುವ ವಿದ್ಯೆಯನ್ನು ಆಕೆ ಊರಿನವರಿಗೆ ಕಲಿಸಿದಳು. ಕಾಲಿನಿಂದ ತುಳಿದು ಒಮ್ಮೆಗೆ ಮೂರು ಎಳೆ ನೂಲುವ ರಾಟೆಯನ್ನು ಪರಂಪರೆ ಆಕೆಯ ಹೆಸರಿಗೇ ಸೇರಿಸಿದೆ. 1366ರ ಸುಮಾರಿಗೆ ಸಿದ್ಧವಾದ ತಾವೋ ಝೋಂಗ್ಯಿ ಎಂಬ ವಿದ್ವಾಂಸನ ಗ್ರಂಥದಲ್ಲಿ ಈ ವೃತ್ತಾಂತವಿದೆ. ಊರಿನ ಮನೆಗಳು ಚೇತರಿಸಿಕೊಂಡವು. ಆಕೆ ತೀರಿಕೊಂಡಾಗ ಜನ ಅತ್ತು ಅಂತ್ಯಕ್ರಿಯೆ ನಡೆಸಿ ಗುಡಿ ಕಟ್ಟಿದರು ಎಂದು ಆತ ಬರೆದಿದ್ದಾನೆ. ಮುಂದೆ ಸೋಂಗ್‌ಜಿಯಾಂಗ್ ಸೀಮೆ ಚೀನಾದ ಹತ್ತಿಬಟ್ಟೆಯ ದೊಡ್ಡ ಕೇಂದ್ರವಾಯಿತು. ವುನಿಜಿಂಗ್‌ನ ಕೈಮಗ್ಗದ ಹತ್ತಿ ನೇಯ್ಗೆ 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿ ಸೇರಿತು.

ಆಕೆ ಬಾಲ್ಯದಲ್ಲೇ ಗಂಡನ ಮನೆಗೆ ಒಪ್ಪಿಸಲ್ಪಟ್ಟ ‘ಸಾಕು ಸೊಸೆ’, ಅತ್ತೆಮನೆಯ ಹಿಂಸೆ ತಾಳದೆ ಹಡಗೇರಿ ಓಡಿಹೋದವಳು ಎಂಬುದು ಜನಪದದಲ್ಲಿ ಆಮೇಲೆ ಬೆಳೆದ ಕಥೆ. ಹಳೆಯ ಗ್ರಂಥದಲ್ಲಿ ಅದಿಲ್ಲ. ಇನ್ನೊಂದು ಸಂಗತಿ: ‘ಹುವಾಂಗ್ ದಾವೋಪೋ’ ಎಂದರೆ ಹುವಾಂಗ್ ಮನೆತನದ ದಾವೋ ಪಂಥದ ಅಮ್ಮ ಎಂಬಷ್ಟೇ ಅರ್ಥ. ಇಡೀ ಸೀಮೆಗೆ ಬಟ್ಟೆ ಉಡಿಸಿದವಳ ಸ್ವಂತ ಹೆಸರು ಯಾವ ಗ್ರಂಥದಲ್ಲೂ ಉಳಿದಿಲ್ಲ.

ಓದುವವರು ಯಾರು?

ಹಳ್ಳಿಯ ಕನಸು ಚೀನೀ ಸಾಹಿತ್ಯಕ್ಕೆ ಹಳೆಯದು. 405ರಲ್ಲಿ ಅಧಿಕಾರ ಬಿಟ್ಟು ಹೊಲಕ್ಕೆ ಮರಳಿದ ಕವಿ ತಾವೋ ಯುವಾನ್‌ಮಿಂಗ್ ಬರೆದ ಪೀಚ್ ಹೂಗಳ ಕಣಿವೆಯ ಕಥೆಯಲ್ಲಿ ಬೆಸ್ತನೊಬ್ಬ ದಾರಿ ತಪ್ಪಿ, ಅರಸರ ಕಾಟ ಮುಟ್ಟದ ಹಳ್ಳಿಯೊಂದನ್ನು ಕಾಣುತ್ತಾನೆ. ಹೊರಬಂದ ಮೇಲೆ ಆ ದಾರಿ ಮತ್ತೆ ಸಿಗುವುದಿಲ್ಲ. ಇಂದಿನ ಕಾದಂಬರಿ ಆ ದಾರಿಯನ್ನು ಮೊಬೈಲಿನಲ್ಲಿ ದಿನವೂ ತೆರೆದಿಡುತ್ತದೆ.

ಓದುವವರ ಬದುಕನ್ನು ನೋಡಿದರೆ ಕಾರಣ ತಿಳಿಯುತ್ತದೆ. 1978ರಲ್ಲಿ ಚೀನಾದ ಜನಸಂಖ್ಯೆಯಲ್ಲಿ ನಗರವಾಸಿಗಳು ಶೇ 18ಕ್ಕಿಂತ ಕಡಿಮೆ. 2011ರಲ್ಲಿ ಮೊದಲ ಬಾರಿಗೆ ಅರ್ಧ ದಾಟಿತು. 2020ರ ಜನಗಣತಿಯಲ್ಲಿ ಶೇ 63.89. ಒಂದೇ ತಲೆಮಾರಿನಲ್ಲಿ ಕೋಟ್ಯಂತರ ಜನ ಹೊಲದಿಂದ ಬಹುಮಹಡಿ ಕಟ್ಟಡಗಳಿಗೆ ಬಂದರು. 1958ರಿಂದ ಜಾರಿಯಲ್ಲಿರುವ ಮನೆ ನೋಂದಣಿ ವ್ಯವಸ್ಥೆಯಿಂದಾಗಿ ಅವರಲ್ಲಿ ಅನೇಕರಿಗೆ ನಗರ ಇಂದಿಗೂ ಪೂರ್ತಿ ತಮ್ಮದಾಗಿಲ್ಲ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ ದುಡಿಸುವ ‘996’ ಪದ್ಧತಿಯ ವಿರುದ್ಧ 2019ರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳು ದನಿಯೆತ್ತಿದರು. 2021ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದು ಕಾನೂನುಬಾಹಿರವೆಂದು ಸ್ಪಷ್ಟಪಡಿಸಿತು. ನಾಯಕಿಯರು ಮೊದಲ ಪುಟದಲ್ಲೇ ಅತಿದುಡಿಮೆಯಿಂದ ಸಾಯುವುದು ಆಕಸ್ಮಿಕವಲ್ಲ.

ಈ ತಲೆಮಾರಿನ ನಗರದ ಹೆಣ್ಣುಮಕ್ಕಳಲ್ಲಿ ಅನೇಕರು ಒಂಟಿ ಮಕ್ಕಳು. 1980ರ ಹೊತ್ತಿಗೆ ಬಂದ ಏಕಸಂತಾನ ನೀತಿ ಕೊನೆಗೊಂಡದ್ದು 2015ರಲ್ಲಿ. ಕಾದಂಬರಿಯ ತಮ್ಮ ತಂಗಿಯರು ಅವರಿಗೆ ಸಿಗದೇ ಹೋದ ಒಡಹುಟ್ಟಿದವರು. ಇಪ್ಪತ್ತೇಳು ದಾಟಿಯೂ ಮದುವೆಯಾಗದವರನ್ನು ‘ಉಳಿದುಹೋದ ಹೆಂಗಸರು’ ಎಂದು ಕರೆಯುವ ಪದವನ್ನು 2007ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಹೊಸ ಪದಗಳ ಪಟ್ಟಿಗೇ ಸೇರಿಸಿತ್ತು. ಇತ್ತ ಕಾದಂಬರಿಯಲ್ಲಿ ಹೆಣ್ಣು ತನ್ನ ಕೈಯ ದುಡಿಮೆಯ ಫಲವನ್ನು ಅಂದೇ ಕಾಣುತ್ತಾಳೆ. ಬಿತ್ತಿದ್ದು ಮೊಳೆಯುತ್ತದೆ, ಮಾಡಿದ್ದು ಮಾರಾಟವಾಗುತ್ತದೆ, ಬಾಗಿಲಿಗೆ ತನ್ನದೇ ಬೀಗ. ಸಿಚುವಾನ್‌ನ ಲೀ ಝಿಚಿ ಎಂಬ ಯುವತಿ ಅಜ್ಜಿಯೊಂದಿಗೆ ಹಳ್ಳಿಯಲ್ಲಿದ್ದು ಬಿತ್ತು ಬೆಳೆದು ಅಡುಗೆ ಮಾಡುವ ವಿಡಿಯೊಗಳು 2021ರಲ್ಲಿ 1.4 ಕೋಟಿಗೂ ಹೆಚ್ಚು ಚಂದಾದಾರರನ್ನು ಗಳಿಸಿ ಚೀನೀ ಭಾಷೆಯ ಯೂಟ್ಯೂಬ್ ವಾಹಿನಿಗಳಲ್ಲಿ ಗಿನ್ನೆಸ್ ದಾಖಲೆ ಬರೆದವು. ಅಲ್ಲಿಯೂ ನೋಡುಗರನ್ನು ಸೆಳೆದದ್ದು ಇದೇ ಹಸಿವು.

ಇಂದಿನ ಹಳ್ಳಿಯಲ್ಲಿ ಆಕೆಯ ಪಾಲು

ಈ ಕನಸಿಗೆ ಇಂದಿನ ಚೀನಾದ ಹಳ್ಳಿಯಲ್ಲಿ ಎಷ್ಟು ಜಾಗವಿದೆ? 1950ರಲ್ಲಿ ಹೊಸ ಸರ್ಕಾರ ಎರಡು ಕಾನೂನು ತಂದಿತು. ವಿವಾಹ ಕಾನೂನು ಸಾಕು ಸೊಸೆ ಪದ್ಧತಿಯನ್ನು ನಿಷೇಧಿಸಿತು. ಭೂಸುಧಾರಣಾ ಕಾನೂನಿನಡಿ ಮನೆಯ ತಲೆ ಎಣಿಸಿ ಭೂಮಿ ಹಂಚುವಾಗ ಹೆಣ್ಣಿನ ತಲೆಯೂ ಲೆಕ್ಕಕ್ಕೆ ಬಂತು. ಕೆಲವೇ ವರ್ಷಗಳಲ್ಲಿ ಭೂಮಿಯೆಲ್ಲ ಸಾಮೂಹಿಕ ಒಡೆತನಕ್ಕೆ ಹೋಯಿತು. 1978ರ ನಂತರ ಸಾಗುವಳಿ ಹಕ್ಕು ಮರಳಿ ಬಂದಾಗ ಅದು ಬಂದದ್ದು ವ್ಯಕ್ತಿಗಲ್ಲ, ಮನೆಗೆ. ಮನೆಯ ಯಜಮಾನ ಸಾಮಾನ್ಯವಾಗಿ ಗಂಡಸು.

ತೊಡಕು ಶುರುವಾದದ್ದು ಇಲ್ಲೇ. ಬೇರೆ ಊರಿಗೆ ಮದುವೆಯಾಗಿ ಹೋದವಳ ಪಾಲು ತವರಿನಲ್ಲಿ ಅಳಿಯುತ್ತಿತ್ತು. ಗಂಡನ ಊರಿನಲ್ಲಿ ಹೊಸ ಹಂಚಿಕೆ ಇಲ್ಲದಿದ್ದರೆ ಅಲ್ಲಿಯೂ ಸಿಗುತ್ತಿರಲಿಲ್ಲ. ವಿಚ್ಛೇದನವಾದರೆ ಎರಡೂ ಇಲ್ಲ. ಮದುವೆಯಾಗಿ ಹೋದ ಮಗಳು ಹೊರಗೆ ಚೆಲ್ಲಿದ ನೀರು ಎಂಬುದು ಚೀನಾದ ಹಳೆಯ ಗಾದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 2003ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಗ್ರಾಮೀಣ ಭೂಮಿ ಗುತ್ತಿಗೆ ಕಾನೂನು, ಮದುವೆಯಾದವಳಿಗೆ ಹೊಸ ಊರಿನಲ್ಲಿ ಭೂಮಿ ಸಿಗುವವರೆಗೂ ಹಳೆಯ ಪಾಲನ್ನು ಕಿತ್ತುಕೊಳ್ಳಬಾರದೆಂದು ಹೇಳಿತು. ಆದರೂ ಹಳ್ಳಿಯ ಸಭೆಗಳ ತೀರ್ಮಾನಗಳು ಬೇರೆಯೇ ಆಗಿದ್ದುದುಂಟು. 2025ರ ಮೇ 1ರಿಂದ ಜಾರಿಗೆ ಬಂದಿರುವ ಗ್ರಾಮೀಣ ಸಾಮೂಹಿಕ ಆರ್ಥಿಕ ಸಂಸ್ಥೆಗಳ ಕಾನೂನು, ಅವಿವಾಹಿತೆ, ವಿವಾಹಿತೆ, ವಿಚ್ಛೇದಿತೆ, ವಿಧವೆ ಎಂಬ ಕಾರಣಕ್ಕೆ ಮಹಿಳೆಯ ಹಕ್ಕನ್ನು ಕಸಿಯಬಾರದೆಂದು ಮತ್ತೊಮ್ಮೆ ವಿಧಿಸಿದೆ. 485ರಲ್ಲಿ 20 ಮು ಎಂದು ಬರೆದಿಟ್ಟ ಲೆಕ್ಕವನ್ನು ಸಾವಿರದೈನೂರು ವರ್ಷಗಳ ಮೇಲೂ ಮತ್ತೆ ಮತ್ತೆ ಬರೆಯಬೇಕಾಗಿದೆ.

ಹೀಗೆ ನೋಡಿದಾಗ ಮನೆ ಪಾಲಾಗುವ ಅಧ್ಯಾಯಕ್ಕೆ ಓದುಗರು ಕಾತರದಿಂದ ಕಾಯುವುದರಲ್ಲಿ ಅಚ್ಚರಿಯಿಲ್ಲ. ಮೇಲ್ನೋಟಕ್ಕೆ ಅದು ಅಜ್ಜಿ ಮೊಮ್ಮಗಳ ಜಗಳ. ಒಳಗಿರುವುದು ಹೊಲ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ.

ಕೊನೆಗೆ ಒಂದು ಮಾತು. ಇಂಥ ಪ್ರತಿಯೊಂದು ಕಾದಂಬರಿಯೂ ಎರಡು ಸಾವುಗಳಿಂದ ಆರಂಭವಾಗುತ್ತದೆ. ನಗರದಲ್ಲಿ ಸತ್ತವಳು ಎದ್ದು ಬರುತ್ತಾಳೆ, ಮುಂದಿನ ಸಾವಿರ ಅಧ್ಯಾಯ ಆಕೆಯದು. ಹಸಿವಿನಿಂದಲೋ ಜ್ವರದಿಂದಲೋ ಏಟಿನಿಂದಲೋ ಸತ್ತ ಆ ಹಳ್ಳಿಯ ಹುಡುಗಿ ಮಾತ್ರ ಮರಳುವುದಿಲ್ಲ. ಆಕೆಯ ದೇಹ, ಹೆಸರು, ತಮ್ಮ ಎಲ್ಲವೂ ಬಂದವಳ ಪಾಲಾಗುತ್ತವೆ. ಅಳುವವರೂ ಇಲ್ಲ, ಏಕೆಂದರೆ ಆಕೆ ಸತ್ತದ್ದೇ ಮನೆಯವರಿಗೆ ತಿಳಿದಿಲ್ಲ. ಇತಿಹಾಸದ ಹಳ್ಳಿಗಳಲ್ಲಿ ಇದ್ದವಳು ಅವಳೇ.